ಗೋದಲಿಯ ಪಕ್ಕ ನಿಂತ ಮಗು

ಡಿಸೆಂಬರ್ ತಿಂಗಳ ನಡುವಿಗೆ ಬಂದರೆ ನಮ್ಮ ಸಣ್ಣ ಊರುಗಳ ಕ್ರೈಸ್ತ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹಿಂದೆ ಬಿದ್ದು ಹಬ್ಬ ಮುಂದೆ ಬರುತ್ತದೆ. ವರಾಂಡದ ಒಂದು ಮೂಲೆಯಲ್ಲಿ ಒಣಹುಲ್ಲು ಹಾಸಿ, ಬಿದಿರಿನ ತಟ್ಟಿ ನಿಲ್ಲಿಸಿ ಗೋದಲಿ ಕಟ್ಟುತ್ತಾರೆ. ಬಾಗಿಲಿಗೆ ಬಣ್ಣದ ಕಾಗದದ ನಕ್ಷತ್ರ ತೂಗುತ್ತದೆ. ಕುರಿಗಾಹಿಗಳಿಗೆ ಮನೆಯಿಂದ ತಂದ ಕಂಬಳಿ, ದೇವದೂತರಿಗೆ ರಟ್ಟಿನ ರೆಕ್ಕೆ, ಪೂರ್ವದೇಶದ ಜ್ಞಾನಿಗಳಿಗೆ ಮಿರುಗುವ ಕಾಗದದ ಕಿರೀಟ. ರಜೆಗೆ ಮುಂಚಿನ ದಿನ ಹಾಡು, ನಾಟಕ, ಒಂದೊಂದು ತುಂಡು ಕೇಕು. ಕೊನೆಯಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಎರಡು ಮಾತು ಆಡುತ್ತಾರೆ: ಮುಗಿಯುತ್ತಿರುವ ಈ ವರ್ಷದಲ್ಲಿ ಯಾರಿಗೆ ನೆರವಾದಿರಿ, ಯಾರನ್ನು ನೋಯಿಸಿದಿರಿ, ಮನೆಗೆ ಹೋಗಿ ಯೋಚಿಸಿ ಎಂದು.

ಕಂಬಳಿ ಹೊದ್ದ ಆ ಕುರಿಗಾಹಿಗಳಲ್ಲಿ ಒಬ್ಬ ಸಂಜೆ ಮದರಸಕ್ಕೆ ಹೋಗುವ ಹುಡುಗ. ಇನ್ನೊಬ್ಬನ ಮನೆ ಮಾರಿಗುಡಿಯ ಬೀದಿಯಲ್ಲಿದೆ. ಇಂಥ ಬಹಳಷ್ಟು ಶಾಲೆಗಳಲ್ಲಿ ಕ್ರೈಸ್ತ ಮಕ್ಕಳ ಸಂಖ್ಯೆ ಕಡಿಮೆ. ಹಬ್ಬ ನಡೆಸಿಕೊಡುವವರು ಹೆಚ್ಚಾಗಿ ಬೇರೆಯವರ ಮಕ್ಕಳೇ. ಹಾಗಾದರೆ ತನ್ನದಲ್ಲದ ಹಬ್ಬದ ನಡುವೆ ನಿಂತ ಮಗು ಅಲ್ಲಿ ಯಾರು? ಅತಿಥಿಯೆ? ಬರೀ ಪ್ರೇಕ್ಷಕನೆ? ಅಥವಾ ತನಗೇ ತಿಳಿಯದಂತೆ ಇನ್ನೊಬ್ಬರ ಆರಾಧನೆಯಲ್ಲಿ ಪಾಲುದಾರನೆ?

ಇದಕ್ಕೆ ನಮ್ಮ ಬಳಿ ಎರಡು ಸಿದ್ಧ ಉತ್ತರಗಳಿವೆ. ‘ಎಲ್ಲ ಧರ್ಮವೂ ಒಂದೇ, ಇದರಲ್ಲೇನಿದೆ’ ಎನ್ನುವುದು ಒಂದು. ‘ಕಳಿಸಿದರೆ ಈಮಾನ್ ಹೋಯಿತು’ ಎನ್ನುವುದು ಇನ್ನೊಂದು. ಮೊದಲನೆಯದು ಔದಾರ್ಯದಂತೆ ಕೇಳಿಸುತ್ತದೆ, ಎರಡನೆಯದು ನಿಷ್ಠೆಯಂತೆ. ಎರಡೂ ನಮ್ಮನ್ನು ಯೋಚಿಸುವ ಕಷ್ಟದಿಂದ ಪಾರುಮಾಡುತ್ತವೆ. ಎಲ್ಲವೂ ಒಂದೇ ಎನ್ನುವವನು ಸಿಸ್ಟರ್ ಅವರ ನಂಬಿಕೆಯನ್ನೂ ಮಗುವಿನ ಮನೆಯ ನಂಬಿಕೆಯನ್ನೂ ಒಟ್ಟಿಗೇ ಹಗುರ ಮಾಡುತ್ತಾನೆ. ಕಳಿಸಲೇಬೇಡಿ ಎನ್ನುವವನು ನೆರೆಮನೆಯ ಸಂತೋಷವನ್ನು ರೋಗದಂತೆ ಕಾಣುತ್ತಾನೆ.

ನಾನು ನಾಲ್ಕನೆಯ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಬೆಳಿಗ್ಗೆ ಸಾಲಾಗಿ ನಿಂತು ಇಕ್ಬಾಲರು 1902ರಲ್ಲಿ ಮಕ್ಕಳಿಗಾಗಿ ಬರೆದ ದುಆ ಹೇಳುತ್ತಿದ್ದೆವು. ಐದನೆಯ ತರಗತಿಗೆ ಕನ್ನಡ ಮಾಧ್ಯಮದ ಮಿಷನ್ ಶಾಲೆ ಸೇರಿದೆ. ಪ್ರಾರ್ಥನೆಯ ಭಾಷೆ ಬದಲಾಯಿತು, ದೇವರನ್ನು ಕರೆಯುವ ರೀತಿ ಬದಲಾಯಿತು. ಕೈಕಟ್ಟಿ ನಿಲ್ಲುವುದು ಮಾತ್ರ ಹಾಗೆಯೇ ಉಳಿಯಿತು. ನನಗೆ ಕನ್ನಡದ ಒತ್ತಕ್ಷರ ತಿದ್ದಿಸಿದವರು ಅಲ್ಲಿನ ಟೀಚರಮ್ಮ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಶಾಲೆ ತೆರೆದರು, 1843ರಲ್ಲಿ ಅವರಲ್ಲೊಬ್ಬರಾದ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು, 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂತು. ಅವರು ಮತಪ್ರಚಾರಕ್ಕೆಂದೇ ಬಂದವರು, ಅದನ್ನು ಮುಚ್ಚಿಡಲೂ ಇಲ್ಲ. ಆದರೂ ಆ ನಿಘಂಟನ್ನು ಇಂದು ತೆರೆಯುವ ಕನ್ನಡಿಗ ಯಾರ ಮತವನ್ನೂ ಒಪ್ಪಬೇಕಾಗಿಲ್ಲ. ಕೊಟ್ಟವನ ನಂಬಿಕೆ ಕೊಟ್ಟವನದು, ಪಡೆದವನ ನಂಬಿಕೆ ಪಡೆದವನದು, ನಡುವೆ ಒಂದು ಋಣ. ಈ ಋಣವನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದ ಆಟೋ ಚಾಲಕರೊಬ್ಬರು ಮನೆಗೆ ಬಂದು ಕೇಳಿದರು: “ಭಾಯ್, ನೀವು ಓದಿದವರು, ಹೇಳಿ. ಮೂರನೇ ಕ್ಲಾಸಿನ ನಮ್ಮ ಹುಡುಗಿಗೆ ಸ್ಕೂಲಿನಲ್ಲಿ ಬೀಬಿ ಮರ್ಯಮ್ ಪಾರ್ಟು ಕೊಟ್ಟಿದ್ದಾರೆ. ಅವಳಿಗೆ ಬಹಳ ಖುಷಿ. ನನಗೆ ಎದೆ ಡವಡವ ಅಂತಿದೆ. ಬೇಡ ಅಂದರೆ ಸಿಸ್ಟರ್ ಏನು ಅಂದುಕೊಳ್ಳುತ್ತಾರೋ.”

ಅವರ ಎದೆ ಹಾಗೆ ಹೊಡೆದುಕೊಳ್ಳಲು ಕಾರಣವೇನು ಎಂಬುದನ್ನು ನಮ್ಮ ಮುಸ್ಲಿಮೇತರ ಓದುಗರು ಸ್ವಲ್ಪ ಗಮನಿಸಬೇಕು. ಮರ್ಯಮ್(ಅ) ಅವರು ಕ್ರೈಸ್ತರಿಗೆ ಸೇರಿದವರು, ನಮಗೇಕೆ ಎಂಬುದು ಅವರ ಅಳುಕಾಗಿರಲಿಲ್ಲ. ಕುರ್‌ಆನಿನಲ್ಲಿ ಹೆಸರು ಹಿಡಿದು ಕರೆದಿರುವುದು ಒಬ್ಬರೇ ಒಬ್ಬ ಮಹಿಳೆಯನ್ನು, ಅದು ಮರ್ಯಮ್. 19ನೆಯ ಅಧ್ಯಾಯಕ್ಕೆ ಅವರದೇ ಹೆಸರು. ಅಲ್ಲಿ ಗೋದಲಿ ಇಲ್ಲ, ಜೋಸೆಫ್ ಇಲ್ಲ, ನಕ್ಷತ್ರವೂ ಇಲ್ಲ. ಊರಿನಿಂದ ದೂರ, ಒಂದು ಖರ್ಜೂರದ ಮರದ ಬುಡದಲ್ಲಿ ಒಂಟಿಯಾಗಿ ಹೆರಿಗೆನೋವು ತಿನ್ನುವ ತಾಯಿ ಇದ್ದಾರೆ. ಕಾಲ ಕೆಳಗೆ ತೊರೆ ಹರಿಯುತ್ತದೆ, ಮರ ಅಲುಗಿಸಿದರೆ ಹಣ್ಣು ಉದುರುತ್ತದೆ. ಜನರ ಕೊಂಕುಮಾತಿಗೆ ತೊಟ್ಟಿಲ ಕೂಸೇ ಉತ್ತರ ಕೊಡುತ್ತದೆ. ಹೀಗೆ ಕೇಳಿ ಬೆಳೆದ ಮನೆಗಳಲ್ಲಿ ಪ್ರವಾದಿಗಳ, ಮರ್ಯಮರಂಥವರ ವೇಷ ಹಾಕುವುದು ಅದಬ್‌ಗೆ ತಕ್ಕುದಲ್ಲ ಎಂಬ ಭಾವನೆ ಗಟ್ಟಿಯಾಗಿದೆ. ಗೌರವ ಹೆಚ್ಚಾದುದರಿಂದ ಬಂದ ಅಳುಕು ಅದು.

ಟೀಚರಿಗೆ ಇದು ಗೊತ್ತಿಲ್ಲದಿದ್ದರೆ ‘ಬೇಡ’ ಎಂಬ ಮಾತು ಹೇಗೆ ಕೇಳಿಸುತ್ತದೆ! ನಮ್ಮ ತಾಯಿಯ ಪಾತ್ರವನ್ನು ಕೊಟ್ಟರೆ ತಿರಸ್ಕರಿಸಿದರು ಎಂದು. ತಂದೆಗೆ ಟೀಚರ ಮನಸ್ಸು ಗೊತ್ತಿಲ್ಲದಿದ್ದರೆ ಆ ಪಾತ್ರ ಹೇಗೆ ಕಾಣುತ್ತದೆ! ಮತಾಂತರದ ಮೊದಲ ಮೆಟ್ಟಿಲು ಎಂದು. ತರಗತಿಯ ಅಚ್ಚುಮೆಚ್ಚಿನ ಹುಡುಗಿಗೆ ತಮಗೆ ಅತ್ಯಂತ ಪ್ರಿಯವಾದ ಪಾತ್ರವನ್ನು ಆಕೆ ಕೊಟ್ಟಿದ್ದರು, ಅಷ್ಟೆ. ಇಬ್ಬರೂ ಗೌರವಿಸುತ್ತಿದ್ದುದು ಒಬ್ಬ ತಾಯಿಯನ್ನೇ. ಒಬ್ಬರ ಗೌರವಕ್ಕೆ ನೀಲಿ ಸೆರಗು ಹೊದಿಸಿ ತೋರಿಸಬೇಕು, ಇನ್ನೊಬ್ಬರ ಗೌರವಕ್ಕೆ ತೋರಿಸದೆ ಇರಬೇಕು. ಹೋಗಿ ನೇರವಾಗಿ ಹೇಳಿ ಎಂದೆ. ಹೇಳಿದರು. ಹುಡುಗಿ ಕತೆ ಹೇಳುವವಳಾದಳು. ವೇದಿಕೆಯ ಪಕ್ಕದಲ್ಲಿ ಮೈಕಿನ ಮುಂದೆ ನಿಂತು ನಾಟಕದ ದೃಶ್ಯಗಳನ್ನು ಒಂದೊಂದಾಗಿ ಪರಿಚಯಿಸಿದಳು. ಎರಡು ದಿನ ಅತ್ತಳಂತೆ, ಅದನ್ನೂ ಹೇಳಬೇಕು. ದೊಡ್ಡವರ ನಂಬಿಕೆಯ ಲೆಕ್ಕದಲ್ಲಿ ಮಕ್ಕಳ ಕಣ್ಣೀರು ಖರ್ಚಿನ ಕಡೆ ಬರೆಯದೆ ಹೋಗಬಾರದು.

ಶಾಲೆಗಳಲ್ಲಿ ಮಕ್ಕಳು ಆಡುವ ಈ ಗೋದಲಿಯ ದೃಶ್ಯಕ್ಕೆ ಒಂದು ಚರಿತ್ರೆಯಿದೆ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ ಇರಿಸಿ, ನಿಜವಾದ ಎತ್ತು ಮತ್ತು ಕತ್ತೆಯನ್ನು ತಂದು ನಿಲ್ಲಿಸಿದರು. ಯೇಸು ಹುಟ್ಟಿದ್ದು ಎಂಥ ಬಡತನದಲ್ಲಿ ಎಂಬುದನ್ನು ಹಳ್ಳಿಯ ಜನ ಕಣ್ಣಾರೆ ಕಾಣಲಿ ಎಂಬುದು ಅವರ ಆಸೆ. ಆ ರಾತ್ರಿಯ ಅತ್ಯಂತ ಹಳೆಯ ವಿವರಣೆಯಲ್ಲಿ ಗೋದಲಿಯ ಮಾತಿದೆ, ಹುಲ್ಲಿನ ಮಾತಿದೆ, ಪ್ರಾಣಿಗಳ ಮಾತಿದೆ. ಮರಿಯಳ ವೇಷ ಹಾಕಿದವರ ಮಾತಿಲ್ಲ. ನಮ್ಮ ಆಟೋ ಚಾಲಕರ ಅಳುಕಿಗೆ ಮೊದಲ ಗೋದಲಿಯಲ್ಲಿ ಜಾಗವಿತ್ತು ಎಂದಾಯಿತು.

ಇದೇ ಫ್ರಾನ್ಸಿಸ್ ಅದಕ್ಕೆ ನಾಲ್ಕು ವರ್ಷ ಮೊದಲು, 1219ರಲ್ಲಿ, ಈಜಿಪ್ಟಿನ ದಮಿಯೆಟ್ಟಾಕ್ಕೆ ಹೋಗಿದ್ದರು. ಅದು ಐದನೆಯ ಕ್ರುಸೇಡಿನ ಕಾಲ. ಎರಡು ಸೈನ್ಯಗಳು ಎದುರುಬದುರಾಗಿ ಬೀಡುಬಿಟ್ಟಿದ್ದಾಗ ಅವರು ಒಬ್ಬ ಜೊತೆಗಾರನೊಡನೆ ಸುಲ್ತಾನ ಅಲ್-ಕಾಮಿಲರ ಪಾಳೆಯಕ್ಕೆ ನಡೆದರು. ಸಲಾಹುದ್ದೀನರ ತಮ್ಮನ ಮಗ ಈ ಸುಲ್ತಾನ. ಫ್ರಾನ್ಸಿಸ್ ತಮ್ಮ ಧರ್ಮವನ್ನು ಸಾರಿದರು, ಸುಲ್ತಾನ ಕೇಳಿಸಿಕೊಂಡರು. ಸುಲ್ತಾನ ಕ್ರೈಸ್ತರಾಗಲಿಲ್ಲ, ಫ್ರಾನ್ಸಿಸ್ ಮುಸ್ಲಿಮರಾಗಲಿಲ್ಲ. ಅತಿಥಿಯನ್ನು ಸುರಕ್ಷಿತವಾಗಿ ಹಿಂದಕ್ಕೆ ಕಳಿಸಲಾಯಿತು. ಯುದ್ಧ ಅದರಿಂದ ನಿಲ್ಲಲಿಲ್ಲ ಎಂಬುದೂ ನಿಜ. ಆದರೆ ಅತಿಥಿ ತಾನು ಯಾರೆಂಬುದನ್ನು ಮುಚ್ಚಿಡಲಿಲ್ಲ, ಮನೆಯವನು ಅದಕ್ಕಾಗಿ ಅವನನ್ನು ಶಿಕ್ಷಿಸಲಿಲ್ಲ. ಫ್ರಾನ್ಸಿಸ್ಕನ್ ಪರಂಪರೆಯ ಸಿಸ್ಟರ್‌ಗಳು ನಡೆಸುವ ಶಾಲೆಗಳು ನಮ್ಮ ರಾಜ್ಯದಲ್ಲೂ ಇವೆ. ಗೋದಲಿ ಕಟ್ಟುವ ದಿನ ಅಲ್ಲಿನ ಮಕ್ಕಳಿಗೆ ಈ ಕತೆಯನ್ನೂ ಹೇಳಿದರೆ ಚೆಂದ.

ನಮ್ಮ ಪರಂಪರೆಯಲ್ಲೂ ಇಂಥ ಒಂದು ಪ್ರಸಂಗವಿದೆ. ನಜ್ರಾನಿನ ಕ್ರೈಸ್ತರ ನಿಯೋಗವೊಂದು ಮದೀನಾಕ್ಕೆ ಬಂದಾಗ ಅವರ ಪ್ರಾರ್ಥನೆಯ ಹೊತ್ತಾಯಿತು. ಅವರು ಪ್ರವಾದಿಯವರ(ಸ) ಮಸೀದಿಯಲ್ಲೇ ಪೂರ್ವಕ್ಕೆ ಮುಖಮಾಡಿ ನಿಂತಾಗ ಕೆಲವರಿಗೆ ತಡೆಯಬೇಕೆನ್ನಿಸಿತು. ಮಾಡಲಿ ಬಿಡಿ ಎಂದರು ಪ್ರವಾದಿ(ಸ) ಎಂದು ಸೀರಾ ಗ್ರಂಥಗಳು ಹೇಳುತ್ತವೆ. ಅವರು ಬಂದದ್ದು ಈಸಾ(ಅ) ಯಾರು ಎಂಬ ಚರ್ಚೆಗೇ. ಆ ಚರ್ಚೆಯಲ್ಲಿ ಒಮ್ಮತ ಮೂಡಲಿಲ್ಲ. ಅವರಿಗೆ ಅವರು ದೇವಪುತ್ರ, ನಮಗೆ ಪ್ರವಾದಿ. ಈ ವ್ಯತ್ಯಾಸ ಅಂದೂ ಇತ್ತು, ಇಂದೂ ಇದೆ. ಭಿನ್ನಾಭಿಪ್ರಾಯ ಹಾಗೆಯೇ ಇರುವಾಗಲೂ ಮಸೀದಿಯಲ್ಲಿ ಅವರಿಗೆ ನಿಲ್ಲಲು ಜಾಗ ಸಿಕ್ಕಿತು. ಎಲ್ಲವೂ ಒಂದೇ ಎಂದು ಯಾರೂ ಹೇಳಬೇಕಾಗಲಿಲ್ಲ.

ಇನ್ನು ಒಂದು ಹೊಸ ಬೆಳವಣಿಗೆ. ನಾನು ನೋಡಿದ ಕೆಲವು ಶಾಲೆಗಳು ಯಾರಿಗೂ ಬೇಸರವಾಗದಿರಲಿ ಎಂದು ಗೋದಲಿಯನ್ನು ಹಿಂದೆ ಸರಿಸಿ ಸಾಂತಾಕ್ಲಾಸನನ್ನು ಮುಂದೆ ತಂದಿವೆ. ಕೆಂಪು ಟೋಪಿ, ಹತ್ತಿಯ ಗಡ್ಡ, ಚಾಕೊಲೇಟು, ಒಂದು ಸಿನಿಮಾ ಹಾಡಿಗೆ ಕುಣಿತ. ಧರ್ಮದ ಮಾತಿಲ್ಲ, ಹಾಗಾಗಿ ತಕರಾರೂ ಇಲ್ಲ ಎಂಬುದು ಲೆಕ್ಕಾಚಾರ. ನನಗೆ ಇದು ಒಪ್ಪುವುದಿಲ್ಲ. ಮುಸ್ಲಿಮ್ ಮಗುವಿಗೆ ಸಾಂತಾಕ್ಲಾಸ್ ಯಾರೂ ಅಲ್ಲ. ಹುಲ್ಲಿನ ಮೇಲೆ ಮಲಗಿದ ಕೂಸಿನ ಹೆಸರನ್ನು ಮಾತ್ರ ಅದು ಮದರಸದಲ್ಲಿ ಕೇಳಿದೆ. ನಮ್ಮ ಮನಸ್ಸಿಗೆ ನೋವಾದೀತೆಂದು ನಮಗೆ ಹತ್ತಿರವಾದುದನ್ನೇ ತೆಗೆದು, ದೂರದ ಅಂಗಡಿಯ ಗೊಂಬೆಯನ್ನು ತಂದಿಟ್ಟ ಹಾಗಾಯಿತು. ಹಬ್ಬಕ್ಕೆ ಕರೆದವರು ಯಾಕೆ ಹಬ್ಬ ಎಂಬುದನ್ನೇ ಮುಚ್ಚಿಟ್ಟರೆ ಅತಿಥಿಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲ. ‘ಇದು ನಮ್ಮ ಯೇಸುಸ್ವಾಮಿಯ ಜನ್ಮದಿನ, ನಾವು ಹೀಗೆ ನಂಬುತ್ತೇವೆ, ನೀವು ನಮ್ಮ ಜೊತೆ ಕುಳಿತು ಊಟ ಮಾಡಿ’ ಎನ್ನುವ ಸಿಸ್ಟರ್ ನನಗೆ ಹೆಚ್ಚು ಅರ್ಥವಾಗುತ್ತಾರೆ. ಅವರಿಗೆ ‘ನಿಮ್ಮ ಸಂತೋಷ ನಮಗೂ ಸಂತೋಷ, ಆ ಒಂದು ಸಾಲನ್ನು ಮಾತ್ರ ನಾನು ಹಾಡುವುದಿಲ್ಲ’ ಎಂದು ಹೇಳಬಹುದು. ಹಾಗೆ ಹೇಳಲು ಸಾಧ್ಯವಾಗುವುದು ಎದುರಿನವರು ಸ್ಪಷ್ಟವಾಗಿ ಮಾತಾಡಿದಾಗ.

ಆ ಒಂದು ಸಾಲನ್ನು ಹಾಡದೆ ನಿಲ್ಲಬಹುದೆ? ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ. ಅದನ್ನು ದೊರಕಿಸಿಕೊಟ್ಟದ್ದು ಮೂವರು ಕ್ರೈಸ್ತ ಮಕ್ಕಳೇ. 1985ರಲ್ಲಿ ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಮೂವರು ಅಣ್ಣತಂಗಿಯರು ರಾಷ್ಟ್ರಗೀತೆಯ ಹೊತ್ತಿನಲ್ಲಿ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರಿಗಲ್ಲದೆ ಬೇರಾವುದಕ್ಕೂ ಸ್ತುತಿ ಸಲ್ಲದು ಎಂಬುದು ಅವರ ನಂಬಿಕೆ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಗೌರವದಿಂದ ಎದ್ದು ನಿಂತವರು ಹಾಡಲಿಲ್ಲವೆಂದ ಮಾತ್ರಕ್ಕೆ ಅಗೌರವ ತೋರಿದಂತಾಗುವುದಿಲ್ಲ ಎಂಬುದು ಅದರ ತಿರುಳು. ಸಂವಿಧಾನದ 28ನೆಯ ವಿಧಿಯೂ ಹೀಗೇ ಹೇಳುತ್ತದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಅದರ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ, ಆರಾಧನೆಗೆ ಹಾಜರಾಗುವಂತೆ ಮಾಡಕೂಡದು. ಅತ್ತ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಮನೆಯವರಿಗೆ ಹಬ್ಬ ಮಾಡುವ ಸ್ವಾತಂತ್ರ್ಯ, ಅತಿಥಿಗೆ ಸುಮ್ಮನೆ ನಿಲ್ಲುವ ಸ್ವಾತಂತ್ರ್ಯ. ಎರಡೂ ಒಂದೇ ಪುಸ್ತಕದಲ್ಲಿವೆ.

ಆದರೆ ಕಾನೂನು ಕೊಟ್ಟ ಸ್ವಾತಂತ್ರ್ಯವನ್ನು ಏಳು ವರ್ಷದ ಮಗುವಿನ ಹೆಗಲಿಗೆ ಹೊರಿಸುವುದು ಸುಲಭವಲ್ಲ. ಆ ವಯಸ್ಸಿಗೆ ಸಾಲಿನಲ್ಲಿ ಎಲ್ಲರ ಹಾಗೆ ಇರುವುದೇ ಸ್ವರ್ಗ. ನಲವತ್ತು ಬಾಯಿ ತೆರೆದಾಗ ಒಂದು ಬಾಯಿ ಮುಚ್ಚಿದ್ದರೆ ಪಕ್ಕದವನು ಮೊಣಕೈಯಿಂದ ತಿವಿಯುತ್ತಾನೆ, ಟೀಚರ ಕಣ್ಣು ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಭಾರವನ್ನು ಮನೆಯವರೇ ಹೊರಬೇಕು. ಹಾಡದ ಮಗುವಿಗೂ ಒಂದು ಕೆಲಸ ಇರಲಿ: ಪರದೆ ಎಳೆಯುವುದು, ದೀಪ ಹಚ್ಚುವುದು, ಕತೆ ಓದುವುದು, ನಕ್ಷತ್ರ ಹಿಡಿಯುವುದು. ಆ ಕೆಲಸಕ್ಕೂ ಅಷ್ಟೇ ಚಪ್ಪಾಳೆ ಬೀಳಲಿ. ಆಗ ಅದು ಶಿಕ್ಷೆಯಾಗುವುದಿಲ್ಲ, ಬೇರೆಯಾಗಿರುವುದು ಅಪರಾಧವೂ ಆಗುವುದಿಲ್ಲ.

ಹೊರಗಿನಿಂದ ಬರುವ ಬೆದರಿಕೆಯ ಮಾತು ಬೇರೆ. 2021ರ ಡಿಸೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಪಾಂಡವಪುರದ ಶಾಲೆಯೊಂದಕ್ಕೆ ಗುಂಪೊಂದು ನುಗ್ಗಿ ಕ್ರಿಸ್ಮಸ್ ಆಚರಣೆಯನ್ನು ಪ್ರಶ್ನಿಸಿತು. ಹಿಂದೂ ಹಬ್ಬಗಳನ್ನು ಯಾಕೆ ಮಾಡುವುದಿಲ್ಲ ಎಂದು ಕೇಳಿತು. ಮಗುವಿನ ಆತ್ಮಸಾಕ್ಷಿಯ ಬಗ್ಗೆ ತಂದೆತಾಯಿ ಟೀಚರ ಬಳಿ ಕುಳಿತು ಕೇಳುವ ಪ್ರಶ್ನೆಗೂ, ಬೀದಿಯಿಂದ ಬಂದ ಗುಂಪು ಹೆದರಿದ ಮಕ್ಕಳ ಮುಂದೆ ಕೂಗಿ ಕೇಳುವ ಪ್ರಶ್ನೆಗೂ ಅಕ್ಷರಗಳು ಒಂದೇ ಇರಬಹುದು. ಮೊದಲನೆಯದರ ನಡುವೆ ಒಂದು ಮಗು ಇದೆ. ಎರಡನೆಯದರಲ್ಲಿ ಮಗು ಲೆಕ್ಕಕ್ಕೇ ಇಲ್ಲ. ನಮ್ಮ ಅಳುಕನ್ನು ಇಂಥ ಗುಂಪುಗಳು ತಮ್ಮ ವಾದಕ್ಕೆ ಎರವಲು ಪಡೆಯದಂತೆ ನೋಡಿಕೊಳ್ಳುವುದೂ ನಮ್ಮದೇ ಹೊಣೆ. ಹಾಗೆಯೇ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯ ವಿಚಾರವೂ ಬೇರೆ. ಅಲ್ಲಿ ಮನೆಯವರು, ಅತಿಥಿಗಳು ಎಂಬ ಭೇದವೇ ಇಲ್ಲ. ಎಲ್ಲ ಮಕ್ಕಳೂ ಮನೆಯವರೇ. ಹಾಗಾಗಿ ಅಲ್ಲಿ ಧಾರ್ಮಿಕ ಬೋಧನೆ ಸಲ್ಲದೆಂದು ಸಂವಿಧಾನ ಹೇಳಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಅತಿಥಿಯ ದೂರುಪಟ್ಟಿ ಮಾತ್ರ ಆದೀತು. ನಾವು ಈಗ ಬರೀ ಅತಿಥಿಗಳಾಗಿ ಉಳಿದಿಲ್ಲ. ಮುಸ್ಲಿಮ್ ಸಂಸ್ಥೆಗಳು ನಡೆಸುವ ಶಾಲೆಗಳು ಕರಾವಳಿಯಿಂದ ಬೀದರಿನವರೆಗೆ ಇವೆ. ಅವುಗಳಲ್ಲಿ ಹಿಂದೂ, ಕ್ರೈಸ್ತ ಮಕ್ಕಳು ಓದುತ್ತಾರೆ. ಅಲ್ಲಿ ಬೆಳಿಗ್ಗೆ ಕಿರಾಅತ್ ನಡೆಯುವಾಗ ಆ ಮಗು ಎಲ್ಲಿ ನಿಂತಿರುತ್ತದೆ? ವಾರ್ಷಿಕೋತ್ಸವದಲ್ಲಿ ನಾತ್ ಹಾಡುವ ಗುಂಪಿನಲ್ಲಿ ಅದನ್ನು ನಿಲ್ಲಿಸುವ ಮೊದಲು ಅದರ ತಾಯಿಯನ್ನು ಒಂದು ಮಾತು ಕೇಳಿದ್ದೇವೆಯೆ? ‘ಬೇಡ’ ಎಂದು ಆಕೆ ಹೇಳಿದರೆ ಅದರೊಳಗಿನ ಗೌರವ ನಮಗೆ ಕಾಣಿಸುತ್ತದೆಯೆ, ಅಥವಾ ಬರೀ ತಿರಸ್ಕಾರ ಕೇಳಿಸುತ್ತದೆಯೆ? ಮಿಷನ್ ಶಾಲೆಯಲ್ಲಿ ನಮ್ಮ ಮಗುವಿಗೆ ನಾವು ಏನನ್ನು ಬಯಸುತ್ತೇವೋ ಅದನ್ನು ನಮ್ಮ ಅಂಗಳದಲ್ಲಿ ಇನ್ನೊಬ್ಬರ ಮಗುವಿಗೆ ಕೊಡದಿದ್ದರೆ ನಮ್ಮ ಬೇಡಿಕೆ ನೈತಿಕವಾದುದಲ್ಲ, ಬರೀ ಹಟ.

ಕೊನೆಗೆ ಸಿಸ್ಟರ್ ಅವರ ಆ ಎರಡು ಮಾತು. ವರ್ಷ ಮುಗಿಯಿತು, ಯೋಚಿಸಿ ಎಂಬುದು. ಹಾಗೆ ನೋಡಿದರೆ ವರ್ಷವೆಂಬುದು ನಮ್ಮಲ್ಲಿ ಎಷ್ಟು ಸಲ ಮುಗಿಯುತ್ತದೆ! ಅಂಗಡಿಯವರು ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ. ಯುಗಾದಿಗೆ ಸಂವತ್ಸರ ಬದಲಾಗುತ್ತದೆ. ಚಂದ್ರನನ್ನು ನಂಬಿದ ಹಿಜರಿ ವರ್ಷ ಸುಮಾರು 354 ದಿನಕ್ಕೆ ಮುಗಿದು, ಮುಹರ್ರಮ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಶಾಲೆಯ ವರ್ಷ ಮುಗಿಯುವುದು ಪರೀಕ್ಷೆಯ ಫಲಿತಾಂಶ ಬರುವ ಏಪ್ರಿಲಿನಲ್ಲಿ. ಡಿಸೆಂಬರ್ 31 ಇವೆಲ್ಲದರ ನಡುವೆ ಇನ್ನೊಂದು ತಾರೀಖು. ಆದರೆ ಲೆಕ್ಕ ನೋಡಿಕೊಳ್ಳುವುದಕ್ಕೆ ಯಾವ ತಾರೀಖೂ ಆದೀತು.

ನಮ್ಮವರು ಇದನ್ನು ಮುಹಾಸಬ ಎನ್ನುತ್ತಾರೆ. ನಿಮ್ಮಿಂದ ಲೆಕ್ಕ ಕೇಳುವ ಮೊದಲು ನೀವೇ ನಿಮ್ಮ ಲೆಕ್ಕ ನೋಡಿಕೊಳ್ಳಿ ಎಂಬ ಬುದ್ಧಿಮಾತು ಖಲೀಫ ಉಮರರ(ರ) ಹೆಸರಿನಲ್ಲಿದೆ. ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ’ದಲ್ಲಿ ಇದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ಕ್ರೈಸ್ತರಲ್ಲಿ ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೊಲಾ ದಿನದಿನವೂ ಆತ್ಮಪರೀಕ್ಷೆ ಮಾಡಿಕೊಳ್ಳುವ ಕ್ರಮ ಹಾಕಿಕೊಟ್ಟರು. ಇವರಿಬ್ಬರ ಸಂಭ್ರಮಗಳನ್ನು ಒಂದು ಮಾಡಲಾಗದು. ರಾತ್ರಿ ದೀಪ ಆರಿಸುವ ಮೊದಲು ಇಬ್ಬರೂ ತಮ್ಮನ್ನು ಕೇಳಿಕೊಳ್ಳುತ್ತಿದ್ದ ಪ್ರಶ್ನೆಗಳು ಮಾತ್ರ ಅಕ್ಕಪಕ್ಕದವು. ಹಬ್ಬದಲ್ಲಿ ದೂರ ನಿಲ್ಲಬೇಕಾದ ಮಗು ಸಿಸ್ಟರ್ ಅವರ ಆ ಎರಡು ಮಾತಿನ ಹೊತ್ತಿಗೆ ಪೂರ್ತಿಯಾಗಿ ಒಳಗೆ ಬಂದು ಕೂರಬಹುದು. ಯಾರನ್ನು ನೋಯಿಸಿದೆ ಎಂಬ ಪ್ರಶ್ನೆಗೆ ಉತ್ತರ ಕೊಡಲು ಯಾವ ಮಗುವೂ ತನ್ನ ದೇವರನ್ನು ಹೊರಗೆ ಬಿಟ್ಟು ಬರಬೇಕಾಗಿಲ್ಲ.

ಶಾಲೆಗಳು ಈ ಪ್ರಶ್ನೆಯನ್ನು ಮಕ್ಕಳಿಗೆ ಕೇಳಿ ಸುಮ್ಮನಾಗಬಾರದು, ತಮಗೂ ಕೇಳಿಕೊಳ್ಳಬೇಕು. ವಾರ್ಷಿಕ ವರದಿಯಲ್ಲಿ ಶೇಕಡಾವಾರು ಫಲಿತಾಂಶ ಇರುತ್ತದೆ, ಹೊಸ ಕೊಠಡಿಗೆ ಹಣ ಕೊಟ್ಟವರ ಹೆಸರು ಇರುತ್ತದೆ. ಈ ವರ್ಷ ನಮ್ಮ ಅಂಗಳದಲ್ಲಿ ಯಾವ ಮಗುವಾದರೂ ತನ್ನ ಮನೆಯನ್ನು ಮುಚ್ಚಿಟ್ಟುಕೊಂಡು ನಿಲ್ಲಬೇಕಾಯಿತೆ ಎಂಬ ಒಂದು ಸಾಲು ಅಲ್ಲಿ ಇರುವುದಿಲ್ಲ. ಶಿಲುಬೆಯ ಕೆಳಗಿನ ಶಾಲೆಯಾಗಲಿ, ಚಂದ್ರ-ನಕ್ಷತ್ರದ ಕೆಳಗಿನ ಶಾಲೆಯಾಗಲಿ, ಆ ಸಾಲನ್ನು ಸೇರಿಸಿ ಅದಕ್ಕೆ ಪ್ರಾಮಾಣಿಕವಾಗಿ ಉತ್ತರ ಬರೆದ ದಿನ ಅಲ್ಲಿ ನಿಜವಾಗಿಯೂ ಒಂದು ವರ್ಷದ ಕಲಿಕೆ ಮುಗಿದಿದೆ ಎನ್ನಬಹುದು.